ನೀರು ಕುಡಿಯದ ಮೋಲ್ಡಿಗೆ ನೀರೆರೆದವಳು

ಸಿಮೆಂಟು ಅಂಗಡಿಯಲ್ಲಿ ಒಂದು ನೀಲಿ ಡಬ್ಬ ಮಾರುತ್ತಾರೆ. ಕಾಂಕ್ರೀಟು ಕಲಸುವಾಗ ಅದರೊಳಕ್ಕೆ ಹಾಕುವ ರಾಸಾಯನಿಕ. ಅದಕ್ಕೆ ಇಂಗ್ಲಿಷಿನಲ್ಲಿ ಏನೇನೋ ಹೆಸರಿದೆ, ಹಾಸನದ ಹತ್ತಿರದ ದುದ್ದದ ಕಡೆ ಅದರ ಹೆಸರು ಔಷ್ಧಿ. ರಾಗಿ ಹೊಲದ ಕಳೆಗೆ ಹೊಡೆಯುವುದೂ ಔಷ್ಧಿ, ತೆಂಗಿನ ನುಸಿಗೆ ಬೇರಿಗೆ ಕಟ್ಟುವುದೂ ಔಷ್ಧಿ, ಹಸುವಿನ ಕೆಚ್ಚಲಿಗೆ ಸವರುವುದೂ ಔಷ್ಧಿ, ಜ್ವರಕ್ಕೆ ನುಂಗುವುದೂ ಔಷ್ಧಿ, ಸಂಜೆ ಕತ್ತಲಾದ ಮೇಲೆ ಮೋರಿ ಕಟ್ಟೆಯ ಮೇಲೆ ಕೂತು ಕುಡಿಯುವುದೂ ಔಷ್ಧಿಯೇ. ಒಂದು ಪದದ ಬೆನ್ನಿಗೆ ಇಷ್ಟು ಮೂಟೆ ಹೊರಿಸಿದರೆ ಒಂದಲ್ಲ ಒಂದು ದಿನ ಅದು ಮುಗ್ಗರಿಸುತ್ತದೆ. ಈ ಬೇಸಿಗೆಯಲ್ಲಿ ಮುಗ್ಗರಿಸಿತು. ಮುಗ್ಗರಿಸಿದ್ದನ್ನು ಎತ್ತಿ ನಿಲ್ಲಿಸಿದವಳು ಹೊನ್ನಕ್ಕ.

ಹೊನ್ನಕ್ಕ ದುದ್ದದಿಂದ ಒಳಗೆ ಹೋಗುವ ರಸ್ತೆಯ ಒಂದು ಹಳ್ಳಿಯವಳು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ವಿಷಯ ಬಿಟ್ಟು ಹೆಸರಿಗೆ ಜಗಳ ತೆಗೆಯುತ್ತಾರೆ. ಹುಟ್ಟಿದ್ದು ಹೊಳೆನರಸೀಪುರದ ಕಡೆ, ಕಾಲುವೆ ನೀರಿನ ಗದ್ದೆ ಬಯಲಿನಲ್ಲಿ. ಕೊಟ್ಟಿದ್ದು ಇಲ್ಲಿಗೆ, ರಾಗಿ ತೆಂಗಿನ ಸೀಮೆಗೆ. ಗಂಡ ಮಂಚಯ್ಯ ಕಾಯಿ ಸುಲಿಯುವ ಕೆಲಸಗಾರ, ಮಾತು ಕಮ್ಮಿ. ಮನೆಯ ಮಾತಿನ ಎರಡು ಪಾಲೂ ಹೊನ್ನಕ್ಕನಿಗೇ ಬಂದಿದೆ. ಎರಡು ಸೀಮೆಹಸು ಇವೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾಳೆ.

ಉಳಿದ ಹೊತ್ತಿನಲ್ಲಿ ಅವಳು ಮಾಡುವುದು ಎರಡು ಕೆಲಸ, ಎರಡೂ ನೀರಿನವೇ. ಒಂದು, ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆಯುವುದು. ಇನ್ನೊಂದು, ಹೊಸ ಮೋಲ್ಡಿಗೆ ನೀರು ಹಾಕುವುದು. ತಾರಸಿಗೆ ಕಾಂಕ್ರೀಟು ಸುರಿಯುವುದನ್ನು ನಮ್ಮಲ್ಲಿ ಮೋಲ್ಡು ಹಾಕುವುದು ಅನ್ನುತ್ತಾರೆ, ಸುರಿದು ಮುಗಿದ ಮೇಲೆ ತಾರಸಿಗೂ ಅದೇ ಹೆಸರು. ಹಸೀ ಮೋಲ್ಡಿಗೆ ಮೊದಲ ವಾರ ಹತ್ತು ದಿನ ನೀರು ಆರಬಾರದು. ಮೇಸ್ತ್ರಿಗಳು ಪೈಪು ಹಿಡಿದು ಬೆಳಿಗ್ಗೆ ಒಂದು ಸಲ, ನೆನಪಾದರೆ ಸಂಜೆ ಒಂದು ಸಲ ಚಿಮುಕಿಸಿ ಹೋಗುತ್ತಾರೆ. ಹೊನ್ನಕ್ಕ ಹಾಗಲ್ಲ. ತವರಿನ ಗದ್ದೆಯಲ್ಲಿ ಬದು ಕಟ್ಟಿದ ಕೈ ಅದು. ತಾರಸಿಯ ಮೇಲೆ ಜೇಡಿಮಣ್ಣಿನಲ್ಲಿ ಗೇಣಗಲದ ಬದು ಎಳೆದು ಪಾತಿ ಮಾಡುತ್ತಾಳೆ, ಒಂದೊಂದು ಪಾತಿಗೂ ನೀರು ತುಂಬಿಸುತ್ತಾಳೆ. ಮಧ್ಯಾಹ್ನ ಹತ್ತಿ ನೋಡಿದರೆ ಮನೆಯ ನೆತ್ತಿಯ ಮೇಲೆ ಭತ್ತ ನಾಟಿಗೆ ಸಿದ್ಧವಾದ ಗದ್ದೆ. ಕಾಗೆಗಳು ಬಂದು ಸ್ನಾನ ಮಾಡುತ್ತಿರುತ್ತವೆ.

ಆದ್ದರಿಂದ ಊರಿನಲ್ಲಿ ಅವಳ ಹೆಸರು ನೀರ್ ಹೊನ್ನಕ್ಕ. ಅವಳಿಗೆ ಅದರಲ್ಲಿ ಬೇಜಾರಿರಲಿಲ್ಲ, ಹೋದ ವರ್ಷದ ಆಷಾಢದವರೆಗೆ.

ಹೋದ ಆಷಾಢದ ಒಂದು ಬೆಳಿಗ್ಗೆ, ಗಾಳಿಮಳೆ. ಡೈರಿ ಅಂದರೆ ಆಗ ಒಂದೇ ಕೋಣೆಯ ಹಳೇ ಕಟ್ಟಡ. ಮೋಲ್ಡು ಜರಡಿಯಂತೆ ಸೋರುತ್ತಿತ್ತು. ಹಾಲು ಹಾಕುವವರೆಲ್ಲ ಒಳಗೇ ಒತ್ತಿಕೊಂಡು ಸಾಲು ನಿಂತಿದ್ದರು. ಹೊನ್ನಕ್ಕ ಕ್ಯಾನಿನ ಮುಚ್ಚಳ ತೆಗೆದು ಕೆಳಗಿಟ್ಟು, ಪಕ್ಕದವಳ ಜೊತೆ ಹಿಂಡಿ ರೇಟಿನ ಮಾತಿಗೆ ನಿಂತಳು. ಕ್ಯಾನಿಟ್ಟ ಜಾಗಕ್ಕೆ ಸರಿಯಾಗಿ ಮೇಲಿನಿಂದ ಹನಿ. ಅವಳ ಸರದಿ ಬರುವಷ್ಟರಲ್ಲಿ ಹಾಲಿಗೆ ಎಷ್ಟು ನೀರು ಇಳಿಯಬೇಕೋ ಇಳಿದಿತ್ತು. ಹಾಲು ಪರೀಕ್ಷೆ ಮಾಡುವ ಕಾರ್ಯದರ್ಶಿ ಶಶಿಕುಮಾರ್ ಯಂತ್ರ ನೋಡಿದ, ಹೊನ್ನಕ್ಕನ ಮುಖ ನೋಡಿದ, ಕ್ಯಾನನ್ನು ಈಚೆಗೆ ಸರಿಸಿದ.

"ಹೊನ್ನಕ್ಕ, ಇದು ಬರಲ್ಲ. ನೀರು ತೋರುಸ್ತಾ ಅದೆ."

ಅವಳು ಮೇಲೆ ನೋಡಿ, ಸೋರುವ ಜಾಗ ತೋರಿಸಿ ಹೇಳುವಷ್ಟರಲ್ಲಿ ಹಿಂದಿನಿಂದ ಯಾವುದೋ ಗಂಡಸಿನ ಗಂಟಲು ಹೇಳಿಬಿಟ್ಟಿತು. "ಅಭ್ಯಾಸ ಬಲ ಕಣಪ್ಪ. ಮೋಲ್ಡಿಗೆ ಆಕೋ ಕೈ, ಆಲಿಗೂ ಆಕ್ಬುಟ್ಟದೆ."

ಇಡೀ ಕೋಣೆ ನಕ್ಕಿತು. ಅವಳ ಕ್ಯಾನಿಗೆ ಮೇಲಿನಿಂದ ಇನ್ನೂ ಹನಿ ಬೀಳುತ್ತಲೇ ಇತ್ತು, ಅದನ್ನು ಕಣ್ಣಾರೆ ನೋಡುತ್ತಲೇ ನಕ್ಕರು. ನಮ್ಮ ಜನಕ್ಕೆ ಒಂದು ಒಳ್ಳೆ ತಮಾಷೆ ಸಿಕ್ಕರೆ ಸತ್ಯ ಎದುರಿಗೇ ತೊಟ್ಟಿಕ್ಕುತ್ತಿದ್ದರೂ ಬೇಡ. ಅಂದಿನಿಂದ ನೀರ್ ಹೊನ್ನಕ್ಕ ಅನ್ನುವುದಕ್ಕೆ ಬೇರೆ ಅರ್ಥ ಬಂತು. ಹಾಲು ಹಾಕಲು ಬಂದರೆ ಹಿಂದಿನವರು ಕೆಮ್ಮುವುದು, ಮದುವೆ ಊಟದಲ್ಲಿ ಮಜ್ಜಿಗೆ ಬಡಿಸಲು ಬಂದರೆ "ಗಟ್ಟಿಯಾಗೇ ಅದಾ?" ಎಂದು ಕೇಳುವುದು. ಅವಳು ಉತ್ತರ ಕೊಡುತ್ತಿದ್ದಳು, ಅವಳ ಬಾಯಿ ಕಮ್ಮಿಯದಲ್ಲ. ಆದರೆ ಆವತ್ತಿನಿಂದ ಡೈರಿಯಲ್ಲಿ ಕ್ಯಾನಿನ ಮುಚ್ಚಳವನ್ನು ತನ್ನ ಸರದಿ ಬರುವವರೆಗೆ ಅವಳು ತೆಗೆದದ್ದಿಲ್ಲ. ಎರಡೂ ಕೈ ಮುಚ್ಚಳದ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು, ಕೋಳಿ ಮರಿ ಕಾಯುವವಳ ಹಾಗೆ.

ಈ ವರ್ಷ ಡೈರಿ ನಡೆಸುವ ಹಾಲಿನ ಸಂಘಕ್ಕೆ ಹೊಸ ಕಟ್ಟಡ ಬಂತು. ಕಂಟ್ರಾಕ್ಟು ಹಿಡಿದವನು ಚನ್ನರಾಯಪಟ್ಟಣದ ಧನಂಜಯ್. ಬೆಳಗೊಳದ ಕಡೆಯ ಜೈನರ ಮನೆಯವನು, ಡಿಪ್ಲೊಮಾ ಓದಿದವನು, ಮಾತಿಗೆ ಒಮ್ಮೆ 'ನೋಡಿಯಮ್ಮ' ಅನ್ನುವವನು. ಊರಿನ ಪರವಾಗಿ ಕೆಲಸ ನೋಡಿಕೊಳ್ಳಲು ಸಂಘದವರು ರಾಮಣ್ಣನನ್ನು ನಿಲ್ಲಿಸಿದರು. ರಾಮಣ್ಣ ಊರಿನ ದೊಡ್ಡ ಹಿಡುವಳಿದಾರ, ಕೆಟ್ಟವನಲ್ಲ. ಒಂದೇ ತೊಂದರೆ, ಒಂದು ಸಲ ಕಿವಿಗೆ ಬಿದ್ದದ್ದನ್ನು ಕಲ್ಲಿನಲ್ಲಿ ಕೆತ್ತಿಕೊಳ್ಳುತ್ತಾನೆ. ಕಟ್ಟಡದ ಪಕ್ಕದ ಕೊಳವೆಬಾವಿಯ ಮೋಟಾರ್ ಕೋಣೆಯ ಬೀಗದ ಕೈ ಅವನ ಉಡಿದಾರದಲ್ಲಿ. ಹಿಂದಿನ ಬೇಸಿಗೆಯಲ್ಲಿ ಆ ಬಾವಿ ಬತ್ತಿ, ದನಗಳ ತೊಟ್ಟಿಗೆ ಟ್ಯಾಂಕರಿನಲ್ಲಿ ನೀರು ತರಿಸಿದ್ದನ್ನು ಅವನು ಮರೆತಿರಲಿಲ್ಲ.

ಹೊನ್ನಕ್ಕನೇ ಹೋಗಿ ಕೆಲಸ ಕೇಳಿದಳು. ಈ ಮೋಲ್ಡಿಗೆ ನೀರು ಹಾಕುವವಳು ನಾನು, ಬೇರೆಯವರು ಬೇಡ ಅಂದಳು. ಹೊಸ ಮೋಲ್ಡು ಸೋರಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಸೋರದ ಸೂರಿನ ಕೆಳಗೆ ಮುಚ್ಚಳ ತೆಗೆದು ನಿಲ್ಲಬೇಕು.

ಮೋಲ್ಡು ಹಾಕುವ ದಿನ ಅವಳನ್ನು ಮಿಕ್ಸರಿನ ನೀರಿನ ಡ್ರಮ್ಮಿಗೂ ನಿಲ್ಲಿಸಿದರು. ಅದೂ ಅವಳ ಹಳೇ ಕೆಲಸವೇ. ಪೂಜೆ ಆಯಿತು, ಮಿಕ್ಸರಿಗೆ ಕುಂಕುಮ ಇಟ್ಟರು, ಕಾಯಿ ಒಡೆದರು. ಜಲ್ಲಿ, ಮರಳು, ಸಿಮೆಂಟು ಬಿದ್ದವು. ಹೊನ್ನಕ್ಕ ಬಿಂದಿಗೆ ಎತ್ತಿದಳು. ಧನಂಜಯ್ ಕೈ ಅಡ್ಡ ಹಿಡಿದ.

"ಸಾಕು. ಇಷ್ಟೇ ನೀರು."

"ಏನ್ ಸಾ ಇದು, ಪುಡಿಪುಡಿ ಅದೆ. ಉಪ್ಪಿಟ್ಟಿಗೂ ಇದ್ಕಿಂತ ಜಾಸ್ತಿ ಉಯ್ತೀವಿ."

"ನೋಡಿಯಮ್ಮ, ಔಷ್ಧಿ ಹಾಕ್ತೀನಿ. ತಾನಾಗೇ ಬಿಡುತ್ತೆ."

"ಔಷ್ಧಿ ಕೊಡೋಕೆ ಇದ್ಕೇನ್ ಜ್ವರ ಬಂದದಾ?" ಅವಳು ಬಿಂದಿಗೆ ಇಳಿಸಲಿಲ್ಲ. "ನೀರಿನ ಬದ್ಲು ನಂಜು ಆಕಿ ಎಲ್ಡು ದಿನುಕ್ಕೆ ಪುಡಿಯಾದ್ರೆ? ನೀವು ಚಂದ್ರಾಯಪಟ್ಣಕ್ಕೆ ಓಯ್ತೀರಿ. ಅದ್ರ ಕೆಳಗೆ ನಿಂತ್ಕಳೋರು ನಾವು."

ಹಿಂದೆ ಮರಳು ಎತ್ತುತ್ತಿದ್ದ ಲಕ್ಕಮ್ಮ, ಹೊನ್ನಕ್ಕನಿಗಿಂತ ಹಿರಿಯಳು, ಬಾಯಲ್ಲಿ ಹಲ್ಲಿಗಿಂತ ಮಾತು ಜಾಸ್ತಿ, ಅಲ್ಲಿಂದಲೇ ಕೂಗಿದಳು. "ಉಯ್ಯಕ್ಕೆ ಬಿಡಪ್ಪ ಅವ್ಳ್ನ. ಉಯ್ದಿಲ್ಲ ಅಂದ್ರೆ ರಾತ್ರೆ ನಿದ್ದೆ ಬರಾಕಿಲ್ಲ ಅವ್ಳಿಗೆ."

ಧನಂಜಯ್ ಜಗಳಕ್ಕೆ ನಿಲ್ಲಲಿಲ್ಲ. ಬಾಂಡ್ಲಿಯಲ್ಲಿ ಅದೇ ಗಟ್ಟಿ ಮಾಲು ಹಿಡಿಸಿ ಅವಳ ಮುಂದಿಟ್ಟ. ಕರಣೆಯಲ್ಲಿ ತಿರುವಿಸಿದ. ತಿರುಗಲಿಲ್ಲ. ನೀಲಿ ಡಬ್ಬದಿಂದ ಮುಚ್ಚಳದ ತಳದಷ್ಟು ಕಂದು ದ್ರವ ಬಿಟ್ಟು ಮತ್ತೆ ತಿರುವಿಸಿದ. ತುಸು ಹೊತ್ತಿಗೆ ಮಾಲು ಬಿಟ್ಟುಕೊಂಡು ಬಾಂಡ್ಲಿಯ ಅಂಚಿಗೆ ತಾನೇ ಹರಿದು ಬಂತು. ಹೆಚ್ಚಿನ ನೀರು ಒಂದು ಹನಿ ಸೇರಿರಲಿಲ್ಲ.

"ಸಿಮೆಂಟು ನೀರಿಗೆ ಬಿದ್ದರೆ ಗಂಟು ಕಟ್ಟುತ್ತೆ," ಅಂದ ಅವನು. "ಗಂಟಿನ ಒಳಗಿನ ಸಿಮೆಂಟಿಗೆ ನೀರು ತಾಕಲ್ಲ, ಅದು ದಂಡ. ಈ ಔಷ್ಧಿ ಗಂಟು ಬಿಡಿಸುತ್ತೆ, ಒಂದು ಕಣ ಇನ್ನೊಂದಕ್ಕೆ ಅಂಟದ ಹಾಗೆ ದೂರ ತಳ್ಳುತ್ತೆ. ನೀವು ಸುರಿಯೋ ಬಿಂದಿಗೆಯೂ ಗಂಟು ಬಿಡಿಸುತ್ತೆ, ಸುಳ್ಳಲ್ಲ. ಆದರೆ ಸಿಮೆಂಟಿಗೆ ಬೇಕಾದ್ದು ಬಿಟ್ಟು ಮಿಕ್ಕ ನೀರು ಒಳಗಿರಲ್ಲ, ಆರಿ ಹೋಗುತ್ತೆ. ಹೋದ ದಾರಿಯೆಲ್ಲ ತೂತು. ಮಳೆ ಬಂದಾಗ ಅದೇ ದಾರೀಲಿ ವಾಪಸ್ ಬರುತ್ತೆ."

ಹೊನ್ನಕ್ಕ ಬಾಂಡ್ಲಿಯ ಮೇಲೆ ಬಗ್ಗಿದಳು. ಬೆರಳಲ್ಲಿ ಮುಟ್ಟಿದಳು. "ಮುದ್ದೆ ಕೋಲು," ಅಂದಳು.

"ಏನಮ್ಮ?"

"ರಾಗಿ ಇಟ್ಟು ಗಂಟಾದ್ರೆ ಕೋಲಾಕಿ ತಿರುವಬೇಕು. ಕೈಲಾಗ್ದೋಳು ಇನ್ನೊಂದ್ ಲೋಟ ನೀರುಯ್ತಾಳೆ. ಗಂಟೇನೋ ಓಯ್ತದೆ. ಮುದ್ದೆ ಓಗಿ ಅಂಬ್ಲಿ ಆಯ್ತದೆ." ಅವಳು ನೆಟ್ಟಗೆ ನಿಂತಳು. ಪಕ್ಕದ ಹಳೇ ಡೈರಿಯ ಕಡೆ ನೋಡಿದಳು. "ಆ ಮೋಲ್ಡು ಆಕ್ದಾಗ್ಲೂ ಡ್ರಮ್ಮಿಗೆ ನಾನೇ ನಿಂತಿದ್ದೆ ಕಣ್ ಸಾ. ಒಸಾದಾಗಿ ಮದ್ವೆ ಆಗಿ ಬಂದಿದ್ದೆ. ಮೇಸ್ತ್ರಿ ಉಯ್ಯಿ ಉಯ್ಯಿ ಅಂತಿದ್ದ, ಉಯ್ದೆ."

ಯಾರೂ ನಗಲಿಲ್ಲ. ಅವಳ ಕ್ಯಾನಿಗೆ ಬಿದ್ದ ಹನಿಗೆ ದಾರಿ ಬಿಟ್ಟದ್ದು ಅವಳದೇ ಬಿಂದಿಗೆ. ಆ ಮೇಸ್ತ್ರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಲು ತೆಳ್ಳಗಿದ್ದರೆ ಆಳಿಗೆ ಎಳೆಯಲು ಸುಲಭ, ಸಂಜೆಗೆ ಕೆಲಸ ಮುಗಿಯುತ್ತದೆ. ನಮ್ಮ ಜಿಲ್ಲೆಯ ಅರ್ಧ ತಾರಸಿಗಳು ಸೋರುತ್ತಿರುವುದು ಈ ಒಂದು ಸುಲಭಕ್ಕೆ. ಮೊಸಳೆ ಅನ್ನುವ ಊರಿನ ಹೊಯ್ಸಳರ ಜೋಡಿ ದೇವಸ್ಥಾನದ ಮುಂದೆ ಫೋಟೊ ತೆಗೆಸಿಕೊಂಡು "ಆಗಿನವರ ಕೆಲಸ ನೋಡ್ರಿ" ಎಂದು ನಿಟ್ಟುಸಿರು ಬಿಡುತ್ತೇವೆ. ಮನೆಗೆ ಬಂದು ನಮ್ಮ ಸ್ವಂತ ಮೋಲ್ಡಿಗೆ ಬಿಂದಿಗೆ ಮೇಲೆ ಬಿಂದಿಗೆ ಸುರಿಸುತ್ತೇವೆ.

ಆವತ್ತು ಸಂಜೆಯವರೆಗೆ ಹೊನ್ನಕ್ಕ ಧನಂಜಯ್ ಗುರುತು ಹಾಕಿಕೊಟ್ಟ ಅಳತೆಗಿಂತ ಒಂದು ಲೋಟ ಹೆಚ್ಚು ಹಾಕಲಿಲ್ಲ, ಹಾಕಲು ಬಂದವರಿಗೂ ಬಿಡಲಿಲ್ಲ. ಮಧ್ಯೆ ರಾಮಣ್ಣ ಬಂದು ಡಬ್ಬ ಅಲ್ಲಾಡಿಸಿ ನೋಡಿದ.

"ಅರ್ಧ ಅಂಗೇ ಅದಲ್ಲಪ್ಪ. ಇನ್ನೊಂದೊಂದ್ ಮುಚ್ಳ ಜಾಸ್ತಿ ಬಿಡು. ಬೇಗ ಗಟ್ಟಿ ಆಗ್ಲಿ."

"ಜಾಸ್ತಿ ಆದರೆ ಗಟ್ಟಿ ಆಗೋದೇ ನಿಧಾನ ಆಗುತ್ತೆ ರಾಮಣ್ಣೋರೆ. ಜಲ್ಲಿ ಒಂದು ಕಡೆ, ಸಿಮೆಂಟಿನ ಹಾಲು ಒಂದು ಕಡೆ ಆಗುತ್ತೆ."

"ಅಂಗಾರೆ ಇದ್ಯಾವ ಸೀಮೆ ಔಷ್ಧಿ."

ಆಮೇಲೆ ಧನಂಜಯ್ ಇನ್ನೊಂದು ಸಣ್ಣ ಬಿಳಿ ಡಬ್ಬ ತೆಗೆದ. ಇದೇನು ಅಂತ ರಾಮಣ್ಣ ಕೇಳಿದ. ಸೋರದ ಹಾಗೆ ಮಾಡುವ ಬೇರೆ ಔಷ್ಧಿ, ಅಂದ ಧನಂಜಯ್. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಸಿಮೆಂಟು ಅಂಗಡಿಯವರು ಗಿರಾಕಿಗೆ ಹೇಳುವ ಮಾತು ಅವನ ಬಾಯಿಗೆ ಅಭ್ಯಾಸವಾಗಿ ಬಂದುಬಿಟ್ಟಿತು. "ಇದು ಹಾಕಿದ ಮೇಲೆ ಮೋಲ್ಡು ನೀರೇ ಕುಡಿಯಲ್ಲ, ನೋಡ್ಕೊಳಿ."

ರಾಮಣ್ಣ ನೋಡಿಕೊಂಡ.

ಮಾರನೆಯ ಬೆಳಿಗ್ಗೆ ಧನಂಜಯ್ ಅರಕಲಗೂಡಿನ ಇನ್ನೊಂದು ಕೆಲಸಕ್ಕೆ ಹೋದ. ಹೊನ್ನಕ್ಕ ಹಾಲು ಹಾಕಿ, ಜೇಡಿಮಣ್ಣು ಹೊತ್ತುಕೊಂಡು ಬಂದು ನೋಡಿದರೆ ಮೋಟಾರ್ ಕೋಣೆಗೆ ಬೀಗ. ರಾಮಣ್ಣ ಹಳೇ ಡೈರಿಯ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಬೀಗ ತಗೀರಿ ಅಣ್ಣ. ಪಾತಿ ಕಟ್ಟಿ ನೀರ್ ಬಿಡ್ಬೇಕು."

"ಬ್ಯಾಡ ಕಣಮ್ಮ. ಈ ಮೋಲ್ಡಿಗೆ ನೀರಿನ ಕ್ಯಾಮೆ ಇಲ್ಲ."

"ಅಂಗಂದ್ರೆ?"

"ಕಂಟ್ರಾಕ್ಟರೇ ಯೋಳವ್ರೆ. ಔಷ್ಧಿ ಕುಡ್ದದೆ ಅದು. ಇನ್ ನೀರು ಕುಡಿಯಾಕಿಲ್ಲ. ಕುಡೀದೇ ಇರೋದ್ಕೆ ಯಾಕೆ ಉಯ್ತೀಯ, ಕೆಳಕ್ ಅರಿದು ಓಯ್ತದೆ ಅಷ್ಟೇ. ಇರೋ ನೀರು ದನಕ್ಕೆ ಇರ್ಲಿ."

ಇದನ್ನು ಮೂರ್ಖತನ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ರಾಮಣ್ಣನ ಲೆಕ್ಕದಲ್ಲಿ ತಪ್ಪು ಎಲ್ಲಿದೆ? ಔಷ್ಧಿ ಅಂದಿರಿ. ಔಷ್ಧಿಗೆ ಪಥ್ಯ ಉಂಟು. ನೀರು ಕುಡಿಯಲ್ಲ ಅಂದಿರಿ. ಕುಡಿಯದವರಿಗೆ ಲೋಟ ಹಿಡಿಯುವುದು ಯಾರು? ಕನ್ನಡ ಬಲ್ಲ ಯಾವನಾದರೂ ಬರುವ ತೀರ್ಮಾನಕ್ಕೇ ಅವನೂ ಬಂದಿದ್ದ. ಆ ಬಿಳಿ ಡಬ್ಬವನ್ನು ಆಮೇಲೆ ತಿರುಗಿಸಿ ನೋಡಿದ್ದೇನೆ. ಹಾಕಿದ ಮೇಲೂ ಎಂದಿನಂತೆ ನೀರುಣಿಸಬೇಕು ಅಂತ ಅದರ ಮೇಲೆ ಬರೆದಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮಾರುವುದು ದುದ್ದದಲ್ಲಿ, ನೀರುಣಿಸುವವಳು ಹೊನ್ನಕ್ಕ, ಓದಬೇಕಾದವನು ರಾಮಣ್ಣ, ಬರೆದಿರುವುದು ಯಾರಿಗೆ? ಡಬ್ಬದ ಮುಂಭಾಗದಲ್ಲಿ ಮಾತ್ರ ಒಂದು ಮನೆಯ ಚಿತ್ರ, ಮನೆಯ ಮೇಲೆ ಛತ್ರಿ. ಮಾರಲು ಚಿತ್ರ ಸಾಕು. ಎಚ್ಚರಿಸಲು ಮಾತ್ರ ಇಂಗ್ಲಿಷು.

ಹೊನ್ನಕ್ಕನಿಗೆ ಡಬ್ಬ ಓದಲು ಬರುತ್ತಿರಲಿಲ್ಲ. ಆದರೆ ಬಾಣಂತಿಯರು ಗೊತ್ತಿತ್ತು.

"ಅಣ್ಣ, ಮೋಲ್ಡು ಅಂದ್ರೆ ಬಾಣಂತಿ ಇದ್ದಂಗೆ," ಅಂದಳು. "ಕುಡಿಯಾಕೆ ನೀರು ಕಮ್ಮಿ ಕೊಡ್ತೀವಿ. ಕೊಡ್ನಿಲ್ವಾ ನಿನ್ನೆ? ಅಳ್ದು ಅಳ್ದು ಉಯ್ದೆ. ಅಂಗಂತ ಮೈಗೆ ಎರೆಯೋದು ಬಿಡ್ತೀವಾ? ಅಂಡೆಗಟ್ಲೆ ಎರೀತೀವಿ. ಒಟ್ಟೆ ನೀರೇ ಬ್ಯಾರೆ, ಮೈ ನೀರೇ ಬ್ಯಾರೆ."

"ಬಾಣ್ತಿಗೆ ಬಿಸ್ನೀರು ಎರೀತಾರೆ. ಇದ್ಕೂ ಕಾಯಿಸ್ಕಂಡ್ ಬತ್ತೀಯಾ?" ಅಂದ ರಾಮಣ್ಣ. ಜಗುಲಿಯ ಮೇಲಿದ್ದ ಇನ್ನಿಬ್ಬರು ನಕ್ಕರು. ಒಬ್ಬ ಸೇರಿಸಿದ, "ಬುಡು ರಾಮಣ್ಣ, ಆಲಿಗಾಕೋದು ನಿಂತೋಗ್ಬುಟ್ಟದಲ್ಲ, ಎಲ್ಲಾದ್ರೂ ಉಯ್ಬೇಕಲ್ಲ ಅವ್ಳು."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಬಾಣಂತಿಗೆ ಕುಡಿಯಲು ನೀರು ಕೊಡದಿರುವ ನಮ್ಮ ಪದ್ಧತಿ ಕ್ರೂರವಾದದ್ದು. ಮೊಲೆಯುಣಿಸುವ ಹೆಂಗಸಿನ ಗಂಟಲು ಒಣಗಿಸುವುದಕ್ಕೆ ಯಾವ ಶಾಸ್ತ್ರದ ಸಮರ್ಥನೆಯೂ ಇಲ್ಲ. ಹಾಸನದ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರು ಬೈದ ಮೇಲೆ ಹೊನ್ನಕ್ಕ ಅದನ್ನು ಬಿಟ್ಟಿದ್ದಾಳೆ. ಎರೆಯಲು ಹೋದ ಮನೆಯಲ್ಲಿ ಅತ್ತೆ ಆಚೆ ಹೋದಾಗ ಬಾಣಂತಿಗೆ ಚೊಂಬು ತುಂಬ ನೀರು ಕುಡಿಸಿ ಬಾಯಿ ಒರೆಸುತ್ತಾಳೆ. ಹೆಂಗಸಿಗೆ ಮಾಡಿದ ಅನ್ಯಾಯ ಕಾಂಕ್ರೀಟಿಗೆ ಮಾತ್ರ ಸರಿಯಾದ ಚಿಕಿತ್ಸೆ. ಆ ಉಪಮೆ ಅವಳಿಗೆ ಸಿಕ್ಕಿದ್ದು ಅಲ್ಲಿಂದ, ಅವಳೇನು ಮಾಡಿಯಾಳು.

ಅವಳು ಧನಂಜಯ್‌ಗೆ ಫೋನು ಮಾಡಿದಳು. ಅವನು ಆ ಕಡೆಯಿಂದ, "ಅಯ್ಯೋ, ನೀರು ಹಾಕಲೇಬೇಕು, ಫೋನ್ ರಾಮಣ್ಣೋರಿಗೆ ಕೊಡಿ" ಅಂದ. ಅವಳು ಫೋನು ಚಾಚಿದಳು. ರಾಮಣ್ಣ ಕೈ ನೀಡಲಿಲ್ಲ.

"ಅವ್ರು ನಿನ್ನೆ ನನ್ ಎದ್ರುಗೆ ಯೋಳಿದ್ದು ನನ್ ಕಿವೀಲೇ ಅದೆ. ಇವತ್ತು ನಿನ್ ಪೋನಲ್ಲಿ ಯೋಳೋದ್ ನಂಗ್ಯಾಕೆ? ಬರ್ಲಿ, ಎದ್ರುಗೆ ಯೋಳ್ಲಿ."

ನಾಳೆ ಬೆಳಿಗ್ಗೆಯೇ ಬರುತ್ತೇನೆ ಅಂದ ಧನಂಜಯ್. ಹೊನ್ನಕ್ಕ ಏಣಿ ಹತ್ತಿದಳು. ಮಾರ್ಚಿ ತಿಂಗಳ ಬಿಸಿಲು, ಮೇಲೆ ಒಣಗಾಳಿ. ಮೋಲ್ಡು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಒಂದು ಕಡೆ ಕೂದಲೆಳೆಯಂಥ ಬಿರುಕು, ಮೊಟ್ಟೆ ತಟ್ಟಿದಾಗ ಮೂಡುವಂಥದ್ದು. ನಾಳೆ ಬೆಳಿಗ್ಗೆಗೆ ಇಡೀ ತಾರಸಿಗೆ ಅದು ಹಬ್ಬುತ್ತದೆ ಅಂತ ಅವಳಿಗೆ ಗೊತ್ತಿತ್ತು. ಮುಂದಿನ ಆಷಾಢಕ್ಕೆ ಆ ಗೆರೆಗಳಿಂದಲೇ ಹನಿ ಇಳಿಯುತ್ತದೆ ಅಂತಲೂ.

ಅವಳು ಕೆಳಗಿಳಿದು ಮತ್ತೆ ರಾಮಣ್ಣನ ಹತ್ತಿರ ಹೋಗಲಿಲ್ಲ. ತನ್ನ ಮನೆಯ ಗೋಣಿಚೀಲಗಳನ್ನೆಲ್ಲ ಗುಡಾಣದ ನೀರಲ್ಲಿ ನೆನೆಸಿ, ಮಂಚಯ್ಯನ ತಲೆಯ ಮೇಲೆ ಹೊರಿಸಿ ತಂದು, ಬಿರುಕಿದ್ದ ಅಂಚಿಗೆ ಹಾಸಿದಳು. ಉಳಿದ ತಾರಸಿಗೆ ಬದು ಕಟ್ಟಿದಳು. ಬದು ಕಟ್ಟಲು ನೀರು ಬೇಡ, ಕೈ ಸಾಕು. ಆಮೇಲೆ ಬೀದಿ ಹಿಡಿದು, ಕರೆಯುವ ಹಸುವಿರುವ ಒಂದೊಂದೇ ಮನೆಯ ಬಾಗಿಲಿಗೆ ಹೋದಳು. ಬೇಗ ಹಾಲು ಕರೆದುಬಿಡಿ ಅಂದಳು. ಹಾಲು ಹಾಕಿ ಮನೆಗೆ ಬಂದು, ಕ್ಯಾನು ತೊಳೆದು, ತುಂಬ ನೀರು ಹಿಡಿದು ಮತ್ತೆ ಬನ್ನಿ.

"ಡೈರೀಗೆ ನೀರ್ ತಕಂಡ್ ಬರ್ಬೇಕಾ?" ಅಂದಳು ಲಕ್ಕಮ್ಮ. "ಲೇ ಹೊನ್ನಿ, ಒಂದ್ಸಲಿ ಮರ್ವಾದೆ ಓಗಿದ್ದು ಸಾಲ್ದಾ ನಿಂಗೆ?"

"ಓಗಿರೋದ್ನ ತರಾಕೇ ಓಯ್ತಾ ಇದೀನಿ ಕಣಕ್ಕ. ಬತ್ತೀಯೋ ಇಲ್ವೋ?"

"ಬತ್ತೀನಿ. ನೋಡಂಗೈತೆ ಇದು."

ಸಂಜೆ ಹಾಲಿನ ಹೊತ್ತು ಮುಗಿದು ಶಶಿಕುಮಾರ್ ಯಂತ್ರ ಒರೆಸುತ್ತಿದ್ದ. ಬೀದಿಯ ತುದಿಯಿಂದ ಹೆಂಗಸರ ಸಾಲು ಬಂತು. ಎಲ್ಲರ ಕೈಯಲ್ಲೂ ಹಾಲಿನ ಕ್ಯಾನು, ಕೆಲವರ ತಲೆಯ ಮೇಲೆ ಬಿಂದಿಗೆಯೂ. ಮುಂದೆ ಹೊನ್ನಕ್ಕ, ಹಿಂದೆ ಲಕ್ಕಮ್ಮ. ರಾಮಣ್ಣ ಜಗುಲಿಯಿಂದ ಎದ್ದು ನಿಂತ.

"ಏನಿದು, ಮತ್ತೆ ಆಲು?"

"ಆಲಲ್ಲಣ್ಣ, ನೀರು," ಅಂದಳು ಹೊನ್ನಕ್ಕ. ಕ್ಯಾನಿನ ಮುಚ್ಚಳ ತೆಗೆದು ಶಶಿಕುಮಾರನ ಮೇಜಿನ ಮುಂದೆ ಹಿಡಿದಳು. "ಟೆಸ್ಟ್ ಮಾಡ್ಕಳಪ್ಪ. ಈ ಸಲಿ ನಿಜವಾಗ್ಲೂ ನೀರೇ ತಂದಿದೀನಿ. ಒಂದ್ ಅನಿ ಆಲು ಬೆರ್ಸಿಲ್ಲ."

ಶಶಿಕುಮಾರ್ ನಗು ತಡೆಯಲು ನೋಡಿದ, ಆಗಲಿಲ್ಲ. ಲಕ್ಕಮ್ಮ ನಕ್ಕಳು. ಸಾಲು ಸಾಲೇ ನಕ್ಕಿತು. ಹೋದ ಆಷಾಢದ ನಗುವೇ ಅದು, ದಿಕ್ಕು ಮಾತ್ರ ಬದಲಾಗಿತ್ತು. ಅವರವರ ಮನೆಯ ನೀರು, ಅವರವರ ಕ್ಯಾನು. ಅದಕ್ಕೆ ಬೀಗ ಹಾಕಲು ರಾಮಣ್ಣನ ಉಡಿದಾರದಲ್ಲಿ ಕೀ ಇರಲಿಲ್ಲ. ಕ್ಯಾನುಗಳು ಏಣಿಯ ಮೇಲೆ ಕೈಯಿಂದ ಕೈಗೆ ಹತ್ತಿದವು. ಮೊದಲ ಪಾತಿಗೆ ನೀರು ಬಿದ್ದಾಗ ಕಾದ ಕಾಂಕ್ರೀಟು ಸುಯ್ಯೆಂದು ಉಸಿರೆಳೆಯಿತು.

"ಕುಡೀತಾ ಅದೆ ಕಣ್ ರಾಮಣ್ಣ," ಮೇಲಿನಿಂದ ಲಕ್ಕಮ್ಮ ಕೂಗಿ ಹೇಳಿದಳು. "ಪಾಪ, ಬಾಯಾರಿತ್ತು."

ಮಾರನೆಯ ಬೆಳಿಗ್ಗೆ ಧನಂಜಯ್ ಬಂದ. ಬಂದವನು ಮೊದಲು ಏಣಿ ಹತ್ತಿದ. ಗೋಣಿ ಎತ್ತಿ ಬಿರುಕು ನೋಡಿದ. ಅದು ಇದ್ದಲ್ಲೇ ಇತ್ತು, ಬೆಳೆದಿರಲಿಲ್ಲ. ಸಿಮೆಂಟಿನ ತಿಳಿ ಕಲಸಿ ತಾನೇ ಬ್ರಷ್ಷಿನಲ್ಲಿ ತುಂಬಿದ. ಕೆಳಗಿಳಿದು ರಾಮಣ್ಣನ ಎದುರಿಗೆ ನಿಂತ.

"ನೀರು ಕುಡಿಯಲ್ಲ ಅಂದದ್ದು ಮುಂದೆ ಬರೋ ಮಳೆ ನೀರು. ಬೆಳೆದು ಗಟ್ಟಿಯಾದ ಮೇಲೆ. ಗಟ್ಟಿಯಾಗೋಕೆ ಈಗ ನೀರು ಬೇಕು. ಸಿಮೆಂಟಿಗೂ ನೀರಿಗೂ ಒಳಗೆ ಇನ್ನೂ ಕೆಲಸ ನಡೀತಿದೆ, ಮೇಲೆ ಆರಿದರೆ ಅಲ್ಲಿಗೇ ನಿಲ್ಲುತ್ತೆ. ಅಷ್ಟು ಬಿಡಿಸಿ ಹೇಳಬೇಕಿತ್ತು, ನಾನು ಹೇಳಲಿಲ್ಲ."

"ಅಂಗ್ ಯೋಳು ಮತ್ತೆ," ಅಂದ ರಾಮಣ್ಣ. ಉಡಿದಾರದಿಂದ ಕೀ ಬಿಚ್ಚಿ ಹೊನ್ನಕ್ಕನ ಕಡೆ ಚಾಚಿದ. "ದನದ ತೊಟ್ಟಿ ತುಂಬಿದ್ ಮೇಲೆ ಬುಟ್ಕೋ."

ಕ್ಷಮೆ ಕೇಳಲಿಲ್ಲ. ನಮ್ಮ ಕಡೆ ಕೀ ಕೊಡುವುದೇ ಕ್ಷಮೆ ಅಂದುಕೊಳ್ಳಬೇಕು.

ದಿನ ತುಂಬಿ ಕೆಳಗಿನ ಹಲಗೆ ಬಿಚ್ಚಿದಾಗ ಊರಿನವರೆಲ್ಲ ಬಂದು ಕತ್ತೆತ್ತಿ ನೋಡಿದರು. ಸಾಮಾನ್ಯವಾಗಿ ಹಲಗೆ ಬಿಚ್ಚಿದರೆ ಜೇನುಗೂಡಿನಂತೆ ತೂತು ಕಾಣುತ್ತದೆ, ಅಲ್ಲಲ್ಲಿ ಕಂಬಿ ಹಲ್ಲು ಕಿರಿಯುತ್ತದೆ, ಅದನ್ನು ಮುಚ್ಚಲು ಮೇಲೊಂದು ಕೋಟು ಗಾರೆ ಮೆತ್ತುತ್ತಾರೆ. ಇಲ್ಲಿ ಮಾಲು ಮೂಲೆ ಮೂಲೆಗೂ ಹರಿದು ಕೂತಿತ್ತು. ತೊಳೆದ ಕಲ್ಲಿನಂತೆ ಒಂದೇ ಸಮ. ಗಾರೆ ಬೇಡ, ಸುಣ್ಣ ಬಳಿದರೆ ಸಾಕು ಅಂದ ಧನಂಜಯ್. ನೀರು ಕಮ್ಮಿಯಾದ್ದರಿಂದ ಅಷ್ಟೇ ಗಟ್ಟಿತನಕ್ಕೆ ಸಿಮೆಂಟೂ ಕಮ್ಮಿ ಹಿಡಿದಿತ್ತು. ಸಿಮೆಂಟು ಸುಡುವ ಗೂಡುಗಳು ಎಷ್ಟು ಹೊಗೆ ಬಿಡುತ್ತವೆ ಅಂತ ತಿಳಿದವರಿಗೆ ಉಳಿದ ಚೀಲ ಏನು ಅಂತ ಗೊತ್ತು. ಅದಕ್ಕಿಂತ ದೊಡ್ಡ ಉಳಿತಾಯ ಬೇರೆ ಇದೆ. ಇಪ್ಪತ್ತು ವರ್ಷಕ್ಕೆ ಸೋರಿ ಒಡೆಯಬೇಕಾದ ತಾರಸಿ ಮೊಮ್ಮಕ್ಕಳ ಕಾಲಕ್ಕೂ ನಿಂತರೆ, ಇನ್ನೊಂದು ತಾರಸಿಗೆ ಬೇಕಾದ ಕಲ್ಲು ಗುಡ್ಡದಲ್ಲೇ ಉಳಿಯುತ್ತದೆ, ಮರಳು ಹೊಳೆಯಲ್ಲೇ ಉಳಿಯುತ್ತದೆ. ಪರಿಸರ ಅಂತ ಭಾಷಣ ಮಾಡುವವರು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಬಿಟ್ಟು ಒಂದು ಮೋಲ್ಡಿಗೆ ಹತ್ತು ದಿನ ನೀರು ಹಾಕಲಿ.

ಧನಂಜಯ್ ಅರಕಲಗೂಡಿನ ಕೆಲಸದಲ್ಲಿ ಮತ್ತೊಂದು ಔಷ್ಧಿ ಬಳಸುತ್ತಿದ್ದಾನೆ. ಮೋಲ್ಡು ಹಾಕಿದ ಮೇಲೆ ಅದನ್ನು ಮೇಲೆ ಸಿಂಪಡಿಸಿಬಿಟ್ಟರೆ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟುತ್ತದಂತೆ, ಒಳಗಿನ ನೀರು ಆರದಂತೆ ಹಿಡಿಯುತ್ತದಂತೆ, ಪಾತಿಯೇ ಬೇಡವಂತೆ. ನೀರಿಲ್ಲದ ಊರಿಗೆ ಅದು ಬೇಕು, ಸರಿ. ಹಾಗಾದರೆ ಹೊನ್ನಕ್ಕನ ಕೆಲಸ? ಇದನ್ನು ಅವಳನ್ನೇ ಕೇಳಿದೆ. ಹಸುವಿನ ಮೈ ತಿಕ್ಕುತ್ತಿದ್ದಳು.

"ಬರ್ಲಿ ಬುಡಿ. ಅದ್ನೂ ಒಬ್ರು ಒಡೀಬೇಕಲ್ಲ. ತೆಂಗಿಗೆ ಒಡ್ಯೋ ಪಂಪು ಮನೇಲೇ ಅದೆ." ಹಸುವಿನ ಇನ್ನೊಂದು ಮಗ್ಗುಲಿಗೆ ಬಂದು, "ಡಬ್ಬದ್ ಮೇಲೆ ಏನ್ ಬರ್ದವ್ರೆ ಅಂತ ಮಾತ್ರ ಓದಿ ಯೋಳ್ಬುಡಿ ಸಾ, ಮೊದ್ಲು" ಅಂದಳು.

ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು. ಹೊಸ ಡೈರಿಯಲ್ಲಿ ಮೊದಲ ಆಷಾಢ. ಒಂದು ಬೆಳಿಗ್ಗೆ ಹೊರಗೆ ಕೊಡೆ ನಿಲ್ಲದಂಥ ಗಾಳಿ, ಒಳಗೆ ಹಾಲಿನ ಸಾಲು. ಹೊನ್ನಕ್ಕ ಬಂದಳು. ಸಾಲಿನ ನಡುವೆ ಕ್ಯಾನು ನೆಲದ ಮೇಲಿಟ್ಟಳು, ಮುಚ್ಚಳ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು, ಪಕ್ಕದವಳ ಕಡೆ ತಿರುಗಿ ಹಿಂಡಿ ರೇಟಿನ ಮಾತಿಗೆ ನಿಂತಳು. ಮಾತಾಡುತ್ತ ಒಂದು ಸಲವೂ ಮೇಲೆ ನೋಡಲಿಲ್ಲ. ಉಳಿದವರು ನೋಡಿದರು. ಬೆಳ್ಳಗೆ ಸುಣ್ಣ ಬಳಿದ ತಾರಸಿ, ಒಂದು ಕಲೆ ಇಲ್ಲ. ಮೇಲೆ ಮಳೆ ಧೋ ಎಂದು ಸುರಿಯುವ ಸದ್ದು ಮಾತ್ರ.

ಸರದಿ ಬಂತು. ಶಶಿಕುಮಾರ್ ಹಾಲು ಹಾಕಿಸಿಕೊಂಡ, ಯಂತ್ರ ನೋಡಿದ, ಚೀಟಿ ಹರಿದು ಕೊಟ್ಟ. ಹಿಂದೆ ಯಾರೂ ಕೆಮ್ಮಲಿಲ್ಲ.

ರಾಮಣ್ಣ ತನ್ನ ಕ್ಯಾನು ಹಿಡಿದು ಹಿಂದೆಯೇ ನಿಂತಿದ್ದ. ನೆಲದ ಮೇಲೆ ಬಾಯಿ ತೆರೆದಿದ್ದ ಉಳಿದ ಹೆಂಗಸರ ಕ್ಯಾನುಗಳನ್ನೂ, ಹೊನ್ನಕ್ಕನ ಕಂಕುಳಿನ ಮುಚ್ಚಳವನ್ನೂ ನೋಡಿದ.

"ಮುಚ್ಳ ಆಕ್ಕಳ್ರಮ್ಮ," ಅಂದ. "ನೊಣ ಬಿದ್ದಾವು."